ಪುರೆವ್‌ಜಾವ್ ಮರೆತ ಕಂಬಿ

ಗೋಬಿ ಮರುಭೂಮಿಯ ಅಂಚಿನ ಆ ಸೀಮೆಯಲ್ಲಿ ಇಂಟರ್ನೆಟ್ ಅಂದರೆ ಪುರೆವ್‌ಜಾವ್. ಹತ್ತೊಂಬತ್ತು ವರ್ಷ ಟೆಲಿಫೋನ್ ತಂತಿ ಎಳೆದವನು, ತಂತಿಯ ಕಾಲ ಮುಗಿದ ಮೇಲೆ ಅದೇ ಕಂಪನಿಯ ಅದೇ ಏಣಿ ಹೊತ್ತು ಆಂಟೆನಾ ಕಟ್ಟತೊಡಗಿದ. ಮಾತು ಕಮ್ಮಿ. ಎರಡು ವಿಷಯಕ್ಕೆ ಮಾತ್ರ ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುತ್ತಿದ್ದ: ಆಂಟೆನಾ ಯಾವುದು, ನೆಲಕ್ಕೆ ಕಂಬಿ ಇಳಿದಿದೆಯೋ ಇಲ್ಲವೋ.

ಕಂಪನಿಯವರು ಸುತ್ತಲೂ ಸಿಗ್ನಲ್ ಹರಡುವ ಆಂಟೆನಾ ಕಳಿಸುತ್ತಿದ್ದರು. ಪಟ್ಟಣಕ್ಕೆ ಅದು ಸರಿ. ಇಲ್ಲಿ ಒಂದು ಗುಡಾರದಿಂದ ಇನ್ನೊಂದಕ್ಕೆ ಇಪ್ಪತ್ತು ಕಿಲೋಮೀಟರು. ಹರಡಿದ್ದೆಲ್ಲ ಕುರಿಗಳ ಪಾಲಾಗುತ್ತಿತ್ತು. ಒಂದೇ ದಿಕ್ಕಿಗೆ ನೋಡುವ ಡಿಶ್ ಬೇಕು, ಅದೂ ಜಾಲರಿಯದು, ತಗಡಿನದಾದರೆ ವಸಂತದ ಗಾಳಿಗೆ ಕಂಬದ ಸಮೇತ ಚೀನಾ ಸೇರುತ್ತದೆ ಎಂದು ಅವನು ಮೂರು ಪತ್ರ ಬರೆದ. ನಾಲ್ಕನೆಯದಕ್ಕೆ ಜಾಲರಿ ಬಂತು.

ಸಿಡಿಲಿನದು ಇನ್ನೊಂದು ತಲೆನೋವು. ಕೇಬಲಿನ ಎರಡೂ ತುದಿಗೆ ಸಿಡಿಲು ತಡೆಯುವ ಪುಟ್ಟ ಪೆಟ್ಟಿಗೆ ಹಾಕುತ್ತಾರೆ. ಅದು ಬಂದ ಏಟನ್ನು ನೆಲಕ್ಕೆ ದಾಟಿಸುತ್ತದೆ, ಅಷ್ಟೆ. ನೆಲದಲ್ಲಿ ತಾಮ್ರ ಬಳಿದ ಕಂಬಿ ಇಲ್ಲದಿದ್ದರೆ ಪೆಟ್ಟಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಿಂದಿನ ವರ್ಷ ಬೇರೆ ಕಡೆ, ಡಿಶ್‌ಗೆ ಸಿಗ್ನಲ್ ಕೊಡುವ ಎರಡು ರೇಡಿಯೋ ಸುಟ್ಟಿದ್ದವು. ಮೂರನೆಯದು ಸುಟ್ಟರೆ ಮನೆಗೆ ಹೋಗಿ ಎಂದು ಮ್ಯಾನೇಜರ್ ತುಗುಲ್ದುರ್ ಹೇಳಿದ್ದ.

ಮುಖ್ಯ ಕಂಬ ಇದ್ದದ್ದು ಲ್ಹಾಮ್ಸುರೆನ್ ಅಜ್ಜಿಯ ಚಳಿಗಾಲದ ಬಿಡಾರದ ಮಗ್ಗುಲಿಗೆ, ಗುಡ್ಡದ ಮೇಲೆ. ಕಂಬದ ಬುಡಕ್ಕೆ ಕಲ್ಲು ಪೇರಿಸಿ ನಿಲ್ಲಿಸಿದ್ದರು, ಕಂಬಿ ಮಾತ್ರ ಕೆಳಗೆ ಅವಳ ಅಂಗಳದಲ್ಲಿ ನೆಲಕ್ಕೆ ಇಳಿದಿತ್ತು. ಕಂಬ ಕಾಯುವುದಕ್ಕೆ ಅಜ್ಜಿಗೆ ಪುಕ್ಕಟೆ ಇಂಟರ್ನೆಟ್. ಕಂಬಕ್ಕೆ ಹಾನಿ ಮಾಡಿದರೆ ಅದು ಕಡಿತ ಎಂದು ಕಾಗದದಲ್ಲಿ ಬರೆದಿತ್ತು. ಅವಳಿಗೆ ಅದು ಬೇಕಿದ್ದದ್ದು ಒಂದೇ ಕಾರಣಕ್ಕೆ. ರಾಜಧಾನಿಯಲ್ಲಿದ್ದ ತಂಗಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೆಲ್ಲ ಕೈಯಲ್ಲಿ. ನಲವತ್ತು ವರ್ಷ ಟೆಲಿಫೋನ್ ಇದ್ದೂ ಅವರಿಗೆ ಉಪಯೋಗವಿರಲಿಲ್ಲ. ಈಗ ದಿನಾ ಬೆಳಿಗ್ಗೆ ಪರದೆಯ ಮುಂದೆ ಕೂತು ಇಬ್ಬರೂ ಕೈಯಾಡಿಸುತ್ತಿದ್ದರು.

ಜೂನ್‌ನಲ್ಲಿ ಮೂರನೆಯ ರೇಡಿಯೋ ಸುಟ್ಟಿತು, ಇದೇ ಕಂಬದ್ದು.

ಪುರೆವ್‌ಜಾವ್ ಮೋಟಾರ್ ಸೈಕಲ್ ಹತ್ತಿ ಹೋಗಿ ನೋಡಿದರೆ ಪೆಟ್ಟಿಗೆ ಇತ್ತು, ತಂತಿ ಇತ್ತು, ಕಂಬಿ ಇರಲಿಲ್ಲ. ಅದಿದ್ದ ತೂತಿಗೆ ಮಣ್ಣು ತುಂಬಿ ಸಪಾಟು ಮಾಡಿದ್ದರು. ಅವನಿಗೆ ಅರ್ಥವಾಯಿತು. ಅಲ್ಲಿನ ರೂಢಿಯಲ್ಲಿ ಬಿಡಾರ ಎತ್ತುವಾಗ ಒಂದು ಗೂಟವನ್ನೂ ನೆಲದಲ್ಲಿ ಬಿಡಬಾರದು, ಭೂಮಿಗೆ ಚುಚ್ಚಿದ್ದನ್ನೆಲ್ಲ ಕಿತ್ತು ಗಾಯ ಮುಚ್ಚಿ ಹೋಗಬೇಕು. ಅವನ ತಾಯಿಯೂ ಹಾಗೇ ಮಾಡುತ್ತಿದ್ದಳು. ಇದು ತನ್ನ ತಲೆಗೆ ಯಾಕೆ ಹೊಳೆಯಲಿಲ್ಲವೋ ಎಂದು ಅಲ್ಲೇ ಕೂತು ತನ್ನನ್ನೇ ಬೈದುಕೊಂಡ.

ಅಜ್ಜಿಯ ಬೇಸಿಗೆ ಬಿಡಾರ ಮೂವತ್ತು ಕಿಲೋಮೀಟರು ಆಚೆ, ಅದಕ್ಕೂ ಸಿಗ್ನಲ್ ಈ ಕಂಬದಿಂದಲೇ. ಗುಡಾರದೊಳಗೆ, ದೇವರಿಡುವ ಜಾಗದಲ್ಲಿ, ಕಂಬಿ ಬಟ್ಟೆ ಸುತ್ತಿಕೊಂಡು ಮಲಗಿತ್ತು.

“ಎರಡು ಕುದುರೆ ಕಟ್ಟಿ ಎಳೆಸ್ದೆ ಮಗಾ, ಅರ್ಧ ದಿನ ಹಿಡೀತು,” ಎಂದಳು ಅಜ್ಜಿ. “ಹಿಂಗೆ ಎಲ್ಲೆಂದ್ರಲ್ಲಿ ಬಿಟ್ಟು ಹೋಗ್ತಾರಾ? ನಿಮ್ಮಮ್ಮ ಏನೂ ಕಲಿಸ್ಲಿಲ್ವಾ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಫೋನ್ ಹಿಡಿದು ಬಂದಳು. ಹನ್ನೊಂದು ದಿನದಿಂದ ಪರದೆ ಖಾಲಿಯಂತೆ. ಕೊನೆಯ ದಿನ ತಂಗಿ ಏನೋ ಹೇಳುವಾಗ ಅರ್ಧಕ್ಕೇ ನಿಂತುಹೋಯಿತಂತೆ. ಅಜ್ಜಿ ಬಲಗೈಯನ್ನು ಎದೆಯ ಹತ್ತಿರ ತಂದು ಅಲ್ಲೇ ನಿಲ್ಲಿಸಿ ತೋರಿಸಿದಳು.

“ನೀನು ಓದಿದವನು. ಇದಾದ್ಮೇಲೆ ಏನಿರುತ್ತೆ ಹೇಳು?”

ಅವನು ತೆರೆದ ಬಾಯಿಗೆ ಉಪ್ಪು ಚಹಾ ಸುರಿದುಕೊಂಡು, ಕಂಬಿಯನ್ನು ಬೈಕಿಗೆ ಕಟ್ಟಿ ಹೊರಟ. ಅದನ್ನು ಅವಳ ಅಂಗಳ ಬಿಟ್ಟು, ಅವಳ ಬಿಡಾರದ ಲೆಕ್ಕಕ್ಕೆ ಬಾರದ ಗುಡ್ಡದ ಆಚೆ ಬದಿಗೆ ಬಡಿದು ಇಳಿಸಿದ. ಹೊಸ ರೇಡಿಯೋ ಕಟ್ಟಿ, ಡಿಶ್ ತಿರುಗಿಸಿ ಸಿಗ್ನಲ್ ನೋಡಿದ. ಆಮೇಲೆ ರೇಡಿಯೋ ಸುಟ್ಟಿದ್ದಕ್ಕೆ ಕಂಪನಿಗೆ ಕೊಡುವ ವರದಿಯಲ್ಲಿ ‘ಕಾರಣ’ ಎಂದಿದ್ದ ಕಡೆ ಬರೆದ: ನೆಲಕ್ಕೆ ಕಂಬಿ ಹಾಕಲು ನಾನು ಮರೆತಿದ್ದೆ.

ತುಗುಲ್ದುರ್ ಅದನ್ನು ಎರಡು ಸಲ ಓದಿದ. ಊರಿಗೆಲ್ಲ ಕಂಬಿಯ ಪಾಠ ಹೇಳಿದವರು ನೀವೇ ಅಲ್ಲವಾ ಎಂದ. ವಯಸ್ಸಾಯಿತು ಎಂದ ಪುರೆವ್‌ಜಾವ್. ಏಣಿ ಕಂಪನಿಯದು, ಅಲ್ಲೇ ಒರಗಿಸಿ ಬಂದ.

ಈಗ ಅವನು ಶಾಲೆಯನ್ನು ಬೆಚ್ಚಗಿಡುವ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಾನೆ. ಶರತ್ಕಾಲದಲ್ಲಿ ಅವನು ಅಂಗಡಿಗೆ ಹಿಟ್ಟು ಕೊಳ್ಳಲು ಹೋದಾಗ ಅಲ್ಲಿ ಲ್ಹಾಮ್ಸುರೆನ್ ಅಜ್ಜಿ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಇವನದೇ ಸುದ್ದಿ ಹೇಳುತ್ತಿದ್ದಳು.

“ಒಳ್ಳೇವ್ನು ಕಣ್ರಮ್ಮ, ಇಲ್ಲ ಅನ್ನಲ್ಲ. ಆದ್ರೆ ಮರೆವು. ಇಷ್ಟುದ್ದ ಕಬ್ಬಿಣಾನ ನನ್ನ ಅಂಗಳದಲ್ಲೇ ಬಿಟ್ಟು ಹೋಗಿದ್ದ. ಅಂಥವ್ರನ್ನ ಯಾರು ಕೆಲಸದಲ್ಲಿ ಇಟ್ಕೋತಾರೆ?”

ಹಿಂದೆಯೇ ನಿಂತಿದ್ದ ಪುರೆವ್‌ಜಾವ್, ಹೌದಮ್ಮಾ, ಮರೆವು ಜಾಸ್ತಿ ಎಂದ. ತಂಗಿ ಹೇಗಿದ್ದಾರೆ ಎಂದು ಕೇಳಿದ.

“ಬೆಳಗಾದ್ರೆ ಅವಳ ಕೈ ನಿಲ್ಲಲ್ಲ ಮಗಾ,” ಎಂದಳು ಅಜ್ಜಿ.