ತೊಟ್ಟಿಲಾ ಹೊತ್ತ ಜೀಪಿಗೆ ಸಸಾರ ದಾರಿ

ಮಿಲಿಟರಿ ಲಿಲಾವಿನ್ಯಾಗ ನಮ್ಮ ಕಾಕಾ ಒಂದು ಹಳೇ ಜೀಪು ತಂದಿದ್ದ. ಎಪ್ಪತ್ತರ ದಶಕದ ಮಾತು. ಸ್ಟೀರಿಂಗು ಮುಟ್ಟಾಕ ಬಿಡೂಕಿಂತ ಮದಲು ನನ್ನ ಕಡಿಂದ ದಾರಿ ತುಳಿಸಿದ. "ಹೊಸಬಗ ಗಾಡಿ ಸೊಕ್ಕು ಇರಬಾರದಲೇ. ಇಳದು ನಡದು ನೋಡು. ನಿನ್ನ ಚಪ್ಪಲಿ ಹಿಡಿಯೂ ಮಣ್ಣು ಗಾಲಿನೂ ಹಿಡೀತೈತಿ" ಅಂತಿದ್ದ. ನಮ್ಮೂರು ಯಮನೂರಿನ ಆಚಿ, ಸುತ್ತೆಲ್ಲಾ ಎರಿ ಹೊಲ. ಮಳಿ ಬಿತ್ತಂದ್ರ ಎತ್ತಿನ ಕಾಲೂ ಕಿತ್ತು ಬರಾಂಗಿಲ್ಲ.

ಆಗ ಅಕ್ಕ ಹಡದು ಮನ್ಯಾಗಿದ್ದಳು. ಹಿಂದಿನ ಎರಡು ಕೂಸು ತೊಟ್ಟಿಲಾ ಕಾಣದನ ಹೋಗಿದ್ದವು. ಇದೂ ಬಡಕಲು ಕೂಸು. ನಾಳೆ ತೊಟ್ಟಿಲಕ್ಕ ಹಾಕೂದು ಅನ್ನೂವಾಗ ಕಾಕಾಗ ಜ್ವರಾ ಬಂದು, ಕಲಘಟಗಿಯಿಂದ ಬಣ್ಣದ ತೊಟ್ಟಿಲಾ ತರೂ ಕೆಲಸ ನನ್ನ ಕೊರಳಿಗೆ ಬಿತ್ತು. ಅವ್ವನೂ ಬಂದಳು. ಬರೂವಾಗ ಮನ್ಯಾಗಿನ ರುಬ್ಬೂ ಗುಂಡಕಲ್ಲು ಸೆರಗಿನ್ಯಾಗ ಸುತ್ತಿಕೊಂಡು ಬಂದಳು ನೋಡ್ರಿ!

"ಖಾಲಿ ತೊಟ್ಟಿಲಾ ತೂಗಿದ್ರ ಕೂಸಿಗೆ ಕೇಡು. ನಾಳೆ ಹೆಂಗೂ ಕೂಸಿಗಿಂತ ಮದಲ ಈ ಕಲ್ಲನ್ನ ಮಲಗಸತಾರ, ಇವತ್ತ ಮಲಗ್ಲಿ ಬಿಡು" ಅಂದಳು.

ತೊಟ್ಟಿಲಾ ಏರಿಸಿ, ಅದರಾಗ ಕಲ್ಲು ಮಲಗಿಸಿ ಹೊಳ್ಳಿ ಹೊಂಟ್ವಿ; ಡಾಂಬರು ಇರೂತನಕ ಎಲ್ಲಾ ಬರೋಬರಿ ಇತ್ತು. ಊರಿನ ಕಡೆ ಹೊಳ್ಳೂ ಜಾಗಾದಾಗ ಜೀಪು ನಿಲ್ಲಿಸಿದೆ. ಹಿಂದಿನ ದಿನ ಮಳಿ ಆಗಿತ್ತು. ಇಳದು ಎರಿ ಹೊಲದ ಚಕ್ಕಡಿ ದಾರಿ ತುಳದೆ. ಮೆತ್ತಗ, ಸಪಾಟು, ತೊಟ್ಟಿಲಕ್ಕ ಅಗದಿ ಛಲೋ. ಆದ್ರ ನಾಕು ಹೆಜ್ಜಿಗೆ ಚಪ್ಪಲಿ ಮಣ್ಣಾಗನ ಉಳೀತು. ಬಾಜೂಕ ದಿನ್ನಿ ಮ್ಯಾಲಿನ ಗರಸಿನ ದಾರಿ. ಗಾಲಿ ಹುಗಿಯೂದಿಲ್ಲ, ನನ್ನಂಥ ಹೊಸಬಗ ಅದ ಸಸಾರ. ಆದ್ರ ಬರೇ ಕಲ್ಲು, ತೊಟ್ಟಿಲಾ ಕುಣಿಯೂದ ಖರೆ. ಅತ್ತ ದರಿ, ಇತ್ತ ಪುಲಿ. ಹೊಲದಾಗ ಸಿಕ್ಕೊಂಡ್ರ ನಾಳೆ ತನಕಾ ಎಬ್ಬಸವರು ಯಾರು? ಗರಸಿನ ದಾರಿನ ಹಿಡದೆ.

ಮುಂದಿನ ಗಾಲಿಗೂ ಜೋರು ಕೊಡೂ ಹ್ಯಾಂಡಲು ಹಾಕಿ, ಜೀವಾ ಕೈಯಾಗ ಹಿಡಕೊಂಡು ಹೊಂಟೆ. ಸ್ವಲ್ಪ ದೂರಕ್ಕ ಹಿಂದ ಧಡ್ ಅಂತು.

"ನಿಲ್ಲಸಲೇ!" ಅಂತ ಅವ್ವ ಚೀರಿದಳು.

ಗುಂಡಕಲ್ಲು ಪುಟದು ಬಿದ್ದು ತೊಟ್ಟಿಲದ ತಳದ ಹಲಗಿ ಸಣ್ಣಗ ಸೀಳಿತ್ತು. ನನಗ ಅಂಜಿಕಿ ಹೆಚ್ಚೋ ಸಿಟ್ಟು ಹೆಚ್ಚೋ ಗೊತ್ತಾಗಲಿಲ್ಲ. ಕಲ್ಲನ್ನ ಎತ್ತಿ ಮುಳ್ಳಿನ ಕಂಟ್ಯಾಗ ಒಗದೆ.

"ಈಗ ಖಾಲಿ ಆತಲ್ಲೋ!"

"ಆಗ್ಲಿ ಬೇ! ಇಲ್ಲಿ ಯಾರ್ ನೋಡತಾರ?"

"ನಾ ನೋಡತೀನಲ್ಲ" ಅಂದಳು ಅವ್ವ. ಜೀಪಿನ ತಳದಾಗ ಕುಂತು ಎರಡೂ ಕೈ ತೊಟ್ಟಿಲದೊಳಗ ಇಟ್ಟಳು. ಕೂಸು ಮಲಗೂ ಜಾಗಾದಾಗ, ಮೊಣಕೈ ತನಕ. ನಾ ಆಮಿಗಿಂತ ಸಾವಕಾಶ ಹೊಡದೆ. ಒಂದೊಂದು ಕಲ್ಲಿಗೂ ಆಕಿ ಕೈ ಹಲಗಿಗೆ ಬಡಿಯೂ ಸಪ್ಪಳ ಕೇಳತಿತ್ತು. ಹೊಳ್ಳಿ ನೋಡೂ ಧೈರ್ಯ ಆಗಲಿಲ್ಲ.

ಮನಿ ಮುಟ್ಟಿದ ಕೂಡ್ಲೇ ಬಾಣಂತಿ ಖೋಲಿಯೊಳಗಿಂದ ಅಕ್ಕನ ದನಿ ಬಂತು. "ತಮ್ಮಾ, ಖಾಲಿ ತೂಗಲಿಲ್ಲ ಹೌದಲ್ಲೋ?"

"ಇಲ್ಲಬೇ ಅಕ್ಕಾ" ಅಂದೆ. ಅವ್ವ ಸೆರಗಿನ್ಯಾಗ ಕೈ ಮುಚ್ಚಿಕೊಂಡು ಒಳಗ ಹೋದಳು.

ಮರುದಿನ ಓಣಿ ಹೆಂಗಸರು ಸೇರಿ "ಗುಂಡಕಲ್ಲು ಎಲ್ಲೈತ್ರಿ?" ಅಂದ್ರು.

"ಈ ತೊಟ್ಟಿಲಕ್ಕ ಕಲ್ಲು ಬ್ಯಾಡ. ಕೂಸನ್ನ ಮಲಗಸ್ರಿ" ಅಂದಳು ಅವ್ವ.

ಅಕ್ಕ ಮಲಗಿಸಿದಳು, ಆದ್ರ ಕೂಸಿನ ಕೆಳಗಿನ ಕೈ ತಗೀಲಿಲ್ಲ. ಎಲ್ಲಾರೂ ಹೇಳಿದ್ರೂ ತಗೀಲಿಲ್ಲ. ಅವ್ವ ಬಾಜೂಕ ಬಂದು, ಕಪ್ಪಗ ಬಾತಿದ್ದ ತನ್ನ ಕೈ ಅಕ್ಕನ ಕೈ ಮ್ಯಾಲೆ ಇಟ್ಟಳು. ಅಕ್ಕ ಆ ಕೈ ನೋಡಿದಳು, ನನ್ನ ಮಾರಿ ನೋಡಿದಳು.

"ನಿನ್ನೆ ದಾರಿ ತುಂಬ ನಾ ಕೈ ಹಿಡದೀನಿ, ಸಾಕು" ಅಂದಳು ಅವ್ವ. "ಇನ್ನ ಕೈ ತಗಿ ಯವ್ವಾ. ತೂಗು."