ಹುಚ್ಚೀರಯ್ಯನ ಹಿಂದಿನ ಗಾಲಿ

ಹಲ್ಲುಪುಡಿ ಕಂಪನಿಯ ಸೈಕಲ್ ಟೀಮಿಗೆ ಸೇರಿದ ಮೊದಲ ವಾರವೆಲ್ಲ ಕಸ್ತೂರಿರಂಗ ಹುಚ್ಚೀರಯ್ಯನ ಪಕ್ಕದಲ್ಲೇ ತುಳಿದ. ದೊಡ್ಡವರ ಬೆನ್ನಿಗೆ ಅಂಟಿಕೊಂಡು ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ, ಮಾತಾಡಿಕೊಂಡು ಜೊತೆಜೊತೆಗೆ ಸಾಗುವುದೇ ಸರಿ ಎಂದು ಅವನ ನಂಬಿಕೆ. ಎದುರುಗಾಳಿಯೆಲ್ಲ ಎದೆಗೇ ಬಡಿದು, ಮದ್ದೂರು ಮುಟ್ಟುವ ಹೊತ್ತಿಗೆ ಒಗೆದು ಹಿಂಡಿದ ಪಂಚೆಯಂತಾಗಿರುತ್ತಿದ್ದ. ಹಿಂದೆ ಸಾಲಾಗಿ ಬರುತ್ತಿದ್ದ ಉಳಿದ ಮೂವರು ಆಗತಾನೇ ಹಾಸಿಗೆಯಿಂದ ಎದ್ದವರ ಹಾಗೆ ಇಳಿಯುತ್ತಿದ್ದರು.

ಕೊನೆಗೆ ಹುಚ್ಚೀರಯ್ಯನೇ ಬಾಯಿಬಿಟ್ಟ. “ಅಯ್ನೋರೆ, ನನ್ ಮಕ ನೋಡಕ್ಕೆ ಯಾಕಿಷ್ಟ್ ಆಸೆ ನಿಮ್ಗೆ? ಹಿಂದುಕ್ಕೆ ಓಗಿ. ಗಾಳಿ ಸೀಳಕ್ಕೆ ನಂಗೆ ಸಂಬ್ಳ ಕೊಡೋದು, ನಿಮ್ಗಲ್ಲ.”

ಯುದ್ಧದ ಸುದ್ದಿ ಮಂಡ್ಯದ ಹೋಟೆಲುಗಳಿಗೆ ಆಗಷ್ಟೇ ಬರತೊಡಗಿದ್ದ ಕಾಲ. ಕಂಪನಿಯ ಯಜಮಾನ ಅಂಕಯ್ಯ ಐದು ಜನ ಸವಾರರನ್ನು ಸಂಬಳ ಕೊಟ್ಟು ಸಾಕಿದ್ದ. ಹಲ್ಲುಪುಡಿಯ ಹೆಸರು ಬರೆದ ಅಂಗಿ ತೊಟ್ಟು ಅವರು ಊರೂರ ಸಂತೆಗೆ ಹೋಗಬೇಕು, ಕಾಫಿಪುಡಿ ಅಂಗಡಿಯ ಟೀಮಿನೊಡನೆ ರೇಸು ಬಿಡಬೇಕು. ಐವರ ಹೆಸರೂ ಅಂಕಯ್ಯನ ಅಂಗಡಿಯ ಬೋರ್ಡಿನ ಮೇಲಿತ್ತು. ಗುಮಾಸ್ತೆ ಕೆಲಸ ಕೇಳಿಕೊಂಡು ಹೋಗಿದ್ದ ಕಸ್ತೂರಿರಂಗನನ್ನು, ಹಲ್ಲು ಸಾಲಾಗಿದೆ ಎಂಬ ಒಂದೇ ಯೋಗ್ಯತೆಯ ಮೇಲೆ ಅಂಕಯ್ಯ ಐದನೆಯವನಾಗಿ ಹಾಕಿಕೊಂಡಿದ್ದ.

ಹುಚ್ಚೀರಯ್ಯನಿಗೆ ಆ ಯೋಗ್ಯತೆಯೂ ಇರಲಿಲ್ಲ. ತನ್ನೂರು ದುದ್ದದಿಂದ ಮಂಡ್ಯಕ್ಕೆ ವೀಳ್ಯದೆಲೆಯ ಪೆಂಡಿ ಹೇರಿಕೊಂಡು ತುಳಿದೇ ತೊಡೆ ಕಲ್ಲಾದವನು. ಜೊತೆಗೆ ಎಲೆ ಜಗಿದೂ ಜಗಿದೂ ಹಲ್ಲು ಕಾವಿಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಜನರೆದುರು ನಗಕೂಡದೆಂದು ಅಂಕಯ್ಯನ ಕಟ್ಟಪ್ಪಣೆ. ನಗುವ ಸಂದರ್ಭವೂ ಅವನಿಗೆ ಬರುತ್ತಿರಲಿಲ್ಲ. ದಾರಿಯುದ್ದಕ್ಕೂ ಗಾಳಿಗೆ ಎದೆಯೊಡ್ಡಿ, ಊರು ಹತ್ತಿರವಾದಾಗ ಪಕ್ಕಕ್ಕೆ ಸರಿದುಬಿಡುವುದು ಅವನ ಕೆಲಸ. ಅವನ ಮರೆಯಲ್ಲಿ ಹಿಂದೆ ಬಂದು ಗೆಲ್ಲುವವನು ಕೆಂಪಯ್ಯ, ಹಾರವೂ ಕೆಂಪಯ್ಯನಿಗೇ.

ಹಿಂದಿನವರು ದಾರಿ ನೋಡುವಂತಿರಲಿಲ್ಲ. ಗೇಣುದ್ದ ಬಿಟ್ಟು ಮುಂದಿನವನ ಹಿಂದಿನ ಗಾಲಿಯನ್ನೇ ನೋಡಬೇಕು. ಹಳ್ಳ ಬಂದರೆ ಹುಚ್ಚೀರಯ್ಯ ಎಡಗೈ ಇಳಿಬಿಡುತ್ತಿದ್ದ, ಗಾಡಿ ಬಂದರೆ ಬಲಗೈ ಚಾಚುತ್ತಿದ್ದ. ಐದು ಜನಕ್ಕೆ ಇದ್ದದ್ದು ಅವನೊಬ್ಬನ ಕಣ್ಣು.

ಆ ಕಣ್ಣಿನ ವಿಷಯ ಕಸ್ತೂರಿರಂಗನಿಗೆ ಗೊತ್ತಾದದ್ದು, ಹೊಸ ಅಂಗಿ ಕೊಟ್ಟುಬರಲು ದುದ್ದಕ್ಕೆ ಹೋದ ಸಂಜೆ. ಜಗಲಿಯ ಮೇಲೆ ಹುಚ್ಚೀರಯ್ಯ ಊಟಕ್ಕೆ ಕೂತಿದ್ದ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಮುಂದೆಯೇ ಇದ್ದ ತಟ್ಟೆಗಾಗಿ ಅವನ ಕೈ ನೆಲ ಸವರುತ್ತಿತ್ತು. ಹೆಂಡತಿ ಚಿಕ್ಕನಂಜಮ್ಮ ಆ ಕೈಯನ್ನು ಹಿಡಿದು ಮುದ್ದೆಯ ಮೇಲಿಟ್ಟಳು. ಕಸ್ತೂರಿರಂಗ ಇದನ್ನು ನೋಡಿದ್ದು ಅವಳ ಕಣ್ಣಿಗೆ ಬಿತ್ತು.

“ಒತ್ತು ಮುಳುಗ್ತು ಅಂದ್ರೆ ಇವ್ರಿಗೆ ಕಾಣಾಕಿಲ್ಲ. ಯಾರ್ಗೂ ಯೋಳ್ಬ್ಯಾಡಿ ಅಯ್ನೋರೆ. ಬೋರ್ಡಿಂದ ಎಸ್ರು ಅಳ್ಸುದ್ರೆ ನಮ್ ಒಲೆ ಆರೋಯ್ತದೆ.”

“ಸುಮ್ಕಿರಮ್ಮಿ,” ಎಂದ ಹುಚ್ಚೀರಯ್ಯ. “ನಾವ್ ತುಳಿಯಾದು ಬೆಳಿಗ್ಗೆ ತಾನೆ?”

ಮರುವಾರವೇ ಅಂಕಯ್ಯ ಹೊಸ ರೇಸು ಸಾರಿದ. ಮಧ್ಯಾಹ್ನ ಮಂಡ್ಯ ಬಿಟ್ಟು, ಮದ್ದೂರಿನ ಮೇಲೆ ಮಳವಳ್ಳಿ ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ಸು. ಟೆಂಟ್ ಸಿನಿಮಾಕ್ಕೆ ಜನ ಸೇರುವ ಹೊತ್ತಿಗೆ, ಅಂದರೆ ದೀಪ ಹಚ್ಚುವ ಹೊತ್ತಿಗೆ, ಮುಗಿಯಬೇಕು.

ಕಸ್ತೂರಿರಂಗ ಹೇಳಿಬಿಡೋಣವೆಂದು ಅಂಗಡಿಗೆ ಹೋಗಿ, ಚಿಕ್ಕನಂಜಮ್ಮನ ಒಲೆ ನೆನಪಾಗಿ, ಸುಮ್ಮನೆ ಒಂದು ಪೊಟ್ಟಣ ಹಲ್ಲುಪುಡಿ ಕೊಂಡು ಬಂದ. ಹೊರಗೆ ಬಂದರೆ ತನ್ನ ಮೂಳೆಗಳು ನೆನಪಾದವು. ಮತ್ತೆ ಒಳಗೆ ಹೋಗಿ ಇನ್ನೊಂದು ಪೊಟ್ಟಣ ಕೊಂಡ. ಅವನ ಮನೆಯಲ್ಲಿ ಆ ವರ್ಷ ಹಲ್ಲುಪುಡಿಗೆ ಕೊರತೆಯಾಗಲಿಲ್ಲ.

“ಜ್ವರ ಅಂತ ಹೇಳಿಬಿಡಿ,” ಎಂದು ಹುಚ್ಚೀರಯ್ಯನನ್ನೇ ಬೇಡಿಕೊಂಡ.

“ಜ್ವರ ಬಂದೋನ್ಗೆ ಸಂಬ್ಳ ಇಲ್ಲ. ಬಿರ್ರನೆ ತುಳುದ್ರೆ ಬೆಳಕಿರಂಗೇ ಬಂದ್ಬುಡಾನ.”

ಬಿರ್ರನೆ ತುಳಿಯಲು ಗಾಳಿ ಬಿಡಲಿಲ್ಲ. ಮಳವಳ್ಳಿಯಿಂದ ತಿರುಗಿ ಮದ್ದೂರು ದಾಟುವಾಗಲೇ ಸೂರ್ಯ ಕಬ್ಬಿನ ಗದ್ದೆಗಳ ಹಿಂದೆ ಇಳಿದಿದ್ದ. ಹುಚ್ಚೀರಯ್ಯನ ಎಡಗೈ ಇಳಿಯುವುದು ನಿಂತಿತು. ಬಲಗೈ ಚಾಚುವುದೂ ನಿಂತಿತು. ಎರಡು ಕೈಯೂ ಹ್ಯಾಂಡಲನ್ನು ಬಿಗಿದು ಹಿಡಿದಿದ್ದವು. ವೇಗ ಮಾತ್ರ ಒಂದಿಷ್ಟೂ ತಗ್ಗಲಿಲ್ಲ, ಕಾಫಿಪುಡಿಯವರು ಬೆನ್ನಿಗೇ ಇದ್ದರು.

“ಮುಂದೆ ಏನೈತೆ?” ಹುಚ್ಚೀರಯ್ಯ ತಿರುಗದೆಯೇ ಕೇಳಿದ.

ಎರಡನೆಯವನಾಗಿದ್ದ ಕಸ್ತೂರಿರಂಗ ಆಮೆಯಂತೆ ಕತ್ತು ಹೊರಹಾಕಿದ. “ಹಳ್ಳ! ಎಡಕ್ಕೆ! ಇನ್ನೂ ಎಡಕ್ಕೆ!”

“ಯಾಕ್ ಅಯ್ನೋರೆ ಇಂಗ್ ಅರುಚ್ಕತೀರಿ, ದೆವ್ವ ಬಡೀತಾ?” ಹಿಂದಿನಿಂದ ಕೆಂಪಯ್ಯ ನಕ್ಕ.

ನಾಲೆಯ ಸೇತುವೆ ಬಂತು. ಅದರ ನಟ್ಟನಡುವೆ ಒಂದು ಕಬ್ಬಿನ ಗಾಡಿ, ಲಾಟೀನಿಲ್ಲ, ಜಲ್ಲೆಯ ತುದಿಗಳು ಈಟಿಗಳ ಹಾಗೆ ಹಿಂದಕ್ಕೆ ಚಾಚಿಕೊಂಡಿದ್ದವು. ಎಡಕ್ಕೋ ಬಲಕ್ಕೋ? ಎರಡೂ ಕಡೆ ಮೊಳಕಾಲೆತ್ತರದ ಗೋಡೆ, ಅದರಾಚೆ ಕಪ್ಪು ನೀರು.

“ಯೋಳಿ ಅಯ್ನೋರೆ! ಯೋಳಿ!”

ಕಸ್ತೂರಿರಂಗನ ಬಾಯಿಂದ ಎಡವೂ ಬರಲಿಲ್ಲ, ಬಲವೂ ಬರಲಿಲ್ಲ. “ಅಮ್ಮಾ!” ಎಂದು ಬಂತು.

ಹುಚ್ಚೀರಯ್ಯ ಬ್ರೇಕು ಅದುಮಿದ. ಐದು ಸೈಕಲ್ಲೂ ಒಂದರ ಮೇಲೊಂದು ಬಿದ್ದವು. ಕಸ್ತೂರಿರಂಗ ತಲೆಯೆತ್ತಿದಾಗ ಜಲ್ಲೆಯ ತುದಿಯೊಂದು ಹುಚ್ಚೀರಯ್ಯನ ಕೆನ್ನೆಯನ್ನು ಗೀರಿ ಅವನ ಕಿವಿಯ ಪಕ್ಕದಲ್ಲೇ ನಿಂತಿತ್ತು. ಯಾರೂ ಸತ್ತಿರಲಿಲ್ಲ. ಕಾಫಿಪುಡಿಯವರು ಗಾಡಿಯ ಪಕ್ಕದಿಂದ ನುಸುಳಿ, ಗಂಟೆ ಬಾರಿಸುತ್ತ ಹೊರಟೇಹೋದರು.

ಸೊಟ್ಟಗಾದ ಸೈಕಲ್ಲುಗಳನ್ನು ತಳ್ಳಿಕೊಂಡು ಐವರೂ ಅಂಗಡಿಯ ಮುಂದೆ ಬಂದು ನಿಂತಾಗ ಅಂಕಯ್ಯ ಗ್ಯಾಸ್‌ಲೈಟಿನ ಕೆಳಗೆ ಕಾಯುತ್ತಿದ್ದ. ಕಸ್ತೂರಿರಂಗ ದಾರಿಯುದ್ದಕ್ಕೂ ಹೊಸೆದುಕೊಂಡಿದ್ದ ಸುಳ್ಳನ್ನು ಹೊರಗೆ ತೆಗೆದ. “ನಾಯಿ ಅಡ್ಡ ಬಂತು ಯಜಮಾನ್ರೆ. ಕರೀ ನಾಯಿ.”

“ಕಬ್ಬು ಒತ್ಕೊಂಡಿತ್ತಾ ನಿಮ್ ನಾಯಿ?” ಗಾಡಿಯ ಸುದ್ದಿಯನ್ನು ಕಾಫಿಪುಡಿಯವರಿಂದ ಆಗಲೇ ಕೇಳಿದ್ದ ಅಂಕಯ್ಯ ಅವನನ್ನು ಪಕ್ಕಕ್ಕೆ ಸರಿಸಿ, ಹುಚ್ಚೀರಯ್ಯನ ಮುಖದೆದುರು ಕೈ ಆಡಿಸಿದ. ಹುಚ್ಚೀರಯ್ಯನ ರೆಪ್ಪೆ ಅಲುಗಲಿಲ್ಲ.

“ದಿಟ ಯೋಳ್ಲಾ ಹುಚ್ಚೀರ. ಕಣ್ ಕಾಣ್ತದಾ ನಿಂಗೆ?”

“ಒತ್ತು ಮುಳುಗಿದ್ ಮ್ಯಾಲೆ ನಿಮ್ ಮಕಾನೂ ಕಾಣಾಕಿಲ್ಲ,” ಎಂದ ಹುಚ್ಚೀರಯ್ಯ. “ರೇಸ ಬೆಳಿಗ್ಗೆ ಮಡಗಿ. ಇಲ್ಲಾ ನನ್ನೆಸ್ರ ಅಳ್ಸಿ.”