ಇನ್ನಾಸಪ್ಪನ ಮೊಣಕಾಲು

ಇನ್ನಾಸಪ್ಪ ಮೊಣಕಾಲೂರಿದರೆ ಶೆಟ್ಟಿಹಳ್ಳಿಯ ಬಾವಿಗಳಲ್ಲಿ ನೀರು ಅಲುಗುತ್ತಿತ್ತು. ಇದರಲ್ಲಿ ನಾಲ್ಕಾಣೆ ಉತ್ಪ್ರೇಕ್ಷೆ ಇರಬಹುದು, ಉಳಿದ ಹನ್ನೆರಡಾಣೆ ನಿಜ. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಕ್ವಿಂಟಾಲ್ ಮೂಟೆಯನ್ನು ಮದುವೆ ಹಾರದಂತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಆಳು ಅವನು. ಭಾನುವಾರ ಊರಿನ ಪುಟ್ಟ ಚರ್ಚಿನಲ್ಲಿ ಪಾದ್ರಿ ಸ್ವಾಮಿಗಳು ಪೂಜೆಯ ಅಪ್ಪವನ್ನು, ದೇವರೇ ಆಗುವ ಆ ರೊಟ್ಟಿಯನ್ನು, ಎತ್ತಿ ತೋರಿಸುವಾಗ ಗಂಟೆಯಾದೊಡನೆ, ಆನೆ ಕೂರುವಂತೆ ಒಂದೊಂದೇ ಕಾಲು ಮಡಿಸಿ ಇಳಿಯುತ್ತಿದ್ದ. ಇಳಿದ ಮೇಲೆ ಉಸಿರಾಡುತ್ತಾನೋ ಇಲ್ಲವೋ ಎಂದು ತೊಲೆಯ ಮೇಲಿನ ಗುಬ್ಬಚ್ಚಿಗಳೂ ಬಗ್ಗಿ ನೋಡುತ್ತಿದ್ದವು.

ಅದೊಂದು ಹರಕೆ. ಮಗಳು ಆರೋಗ್ಯಮ್ಮ ಹತ್ತು ತಿಂಗಳ ಕೂಸಾಗಿದ್ದಾಗ ಗಂಟಲಮಾರಿ ಹಿಡಿಯಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದರೆ ಯಶವಂತಪುರದಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಮಟಮಟ ಮಧ್ಯಾಹ್ನ. ಗೂಡ್ಸ್ ಗಾಡಿಯೋ, ಅದರ ಬಾಲ ತುಮಕೂರಿನಲ್ಲೇ ಇದ್ದಂತಿತ್ತು. ಕೂಸಿನ ತುಟಿ ನೀಲಿಯಾಯಿತು. ಇನ್ನಾಸಪ್ಪ ಜಲ್ಲಿಕಲ್ಲಿನ ಮೇಲೆ ಮೊಣಕಾಲೂರಿ ಹೇಳಿಕೊಂಡ: ‘ಇದು ಉಳಿದರೆ, ನಿನ್ನನ್ನು ಎತ್ತಿ ತೋರಿಸಿದಾಗಲೆಲ್ಲ ಹೀಗೇ ಊರುತ್ತೇನೆ, ಸಾಯುವ ತನಕ.’ ಕೂಸು ಉಳಿಯಿತು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆಂದು ಹೆಂಡತಿ ಜ್ಞಾನಮ್ಮನಿಗೂ ಅವನು ಹೇಳಲಿಲ್ಲ.

ಆಗ ಅದು ಬಲು ಸುಲಭದ ಹರಕೆ. ಇಡೀ ಊರೇ ಮೊಣಕಾಲೂರುತ್ತಿದ್ದಾಗ ಇವನೊಬ್ಬ ಊರುವುದೇನು ಮಹಾ? ದೇವರು ನಕ್ಕು ಸುಮ್ಮನಿದ್ದನೆಂದು ಕಾಣುತ್ತದೆ. ಎಪ್ಪತ್ತಮೂರನೇ ಇಸವಿಯಲ್ಲಿ ಹೊಸ ಸ್ವಾಮಿಗಳು ಬಂದರು. ನಮ್ಮ ದೇಶದವರು ದೊಡ್ಡವರೆದುರು ಎದ್ದು ನಿಂತು ಕೈಮುಗಿಯುತ್ತಾರಲ್ಲ, ಇನ್ನು ಮೇಲೆ ಗಂಟೆಯಾದಾಗ ಹಾಗೇ ಮಾಡೋಣ ಎಂದರು. ಊರು ನಿಂತಿತು. ಇನ್ನಾಸಪ್ಪ ಇಳಿದ.

ಸ್ವಾಮಿಗಳು ಒಳ್ಳೆಯವರು, ಒಮ್ಮೆ ಹೇಳಿ ಸುಮ್ಮನಾದರು. ಊರು ಸುಮ್ಮನಾಗಲಿಲ್ಲ. ಚರ್ಚಿನ ಹಿರಿಯ ಆನಂದಪ್ಪ, ಕಾರ್ಖಾನೆಯಲ್ಲಿ ಫಿಟ್ಟರ್. ಸಾಲು ತಪ್ಪಿದ ಮೊಳೆ ಕಂಡರೂ ಅವನಿಗೆ ಊಟ ಸೇರುತ್ತಿರಲಿಲ್ಲ.

“ಏನ್ ಗುರು, ಊರೆಲ್ಲ ನಿಂತ್ರೆ ನೀನೊಬ್ನೇ ಕೆಳಗೆ? ಸ್ವರ್ಗಕ್ಕೆ ಬೇರೆ ಬಸ್ ಹಿಡೀತೀಯಾ?”

“ಹಿಂದಿನ್ ಬಸ್ಸಲ್ಲಿ ಬರ್ತೀನಿ ಬಿಡಣ್ಣ. ನೀವ್ ಸೀಟ್ ಹಿಡ್ದಿರಿ.”

ನಗು ನಾಲ್ಕು ವರ್ಷ ನಡೆಯಿತು. ಎಪ್ಪತ್ತೇಳರಲ್ಲಿ ಆರೋಗ್ಯಮ್ಮನಿಗೆ ಹೆಸರಘಟ್ಟದಿಂದ ಸಂಬಂಧ ಬಂತು. ಹುಡುಗ ಡೈರಿಯಲ್ಲಿ ಕೆಲಸಕ್ಕಿದ್ದ, ಚಿನ್ನದಂಥವನು, ಹುಡುಗಿಗೂ ಒಪ್ಪಿಗೆ. ಆದರೆ ಅವನಪ್ಪ ಚೌರಪ್ಪ, ಹೆಣ್ಣಿನ ತಂದೆ ಪೂಜೆಯಲ್ಲಿ ಆಕಳಿಸಿದನೆಂದು ಹಿಂದೊಂದು ಸಂಬಂಧವನ್ನೇ ಬಿಟ್ಟವನು. ಭಾನುವಾರ ಇಪ್ಪತ್ತು ಜನರೊಂದಿಗೆ ಬರುತ್ತೇನೆ, ಮೊದಲು ಪೂಜೆ, ಆಮೇಲೆ ಮಾತು ಎಂದು ಹೇಳಿ ಕಳಿಸಿದ್ದ.

“ಒಂದಿನ ನಿಂತ್ಕೊಳಯ್ಯಾ,” ಎಂದಳು ಜ್ಞಾನಮ್ಮ. “ಇಂಗೇ ಹಟ ಮಾಡಿದ್ರೆ ಮಗಳು ನಮ್ಮನೇಲೇ ಮುದುಕಿ ಆಗ್ತಾಳೆ. ನಿನ್ ಮಂಡಿಗೇನ್ ದೆವ್ವ ಬಡಿದೈತಾ?”

ಶನಿವಾರ ಶೆಡ್ಡಿನಲ್ಲಿ ಮೊದಲ ಬಾರಿಗೆ ಇನ್ನಾಸಪ್ಪನ ಹೆಗಲಿಂದ ಮೂಟೆ ಜಾರಿತು. ಹರಕೆ ಮುರಿದರೆ ಮಗಳಿಗೇನಾಗುವುದೋ. ಮುರಿಯದಿದ್ದರೆ ಮಗಳ ಮದುವೆ ಹೋಯಿತು.

ಭಾನುವಾರ ಹಿಂದಿನ ಕಂಬದ ಮರೆಗೆ ಹೋಗಿ ನಿಂತವನನ್ನು ಜ್ಞಾನಮ್ಮನೇ ಮುಂದಿನ ಸಾಲಿಗೆ ತಳ್ಳಿದಳು. ಬೀಗರ ಕಣ್ಣಿಗೆ ಕಾಣಬೇಕಲ್ಲ. ಆನಂದಪ್ಪ ಪಕ್ಕದಲ್ಲಿ ನಿಂತು ಅವನ ರಟ್ಟೆಯನ್ನು ಇಕ್ಕಳದಂತೆ ಹಿಡಿದ. “ಇವತ್ತ್ ಹೆಂಗ್ ಇಳೀತೀಯೋ ನೋಡ್ತೀನಿ ಮಗಾ,” ಎಂದು ಪಿಸುಗುಟ್ಟಿದ.

ಗಂಟೆಯಾಯಿತು.

ಇನ್ನಾಸಪ್ಪ ಕಣ್ಣು ಮುಚ್ಚಿದ. ನಿಂತೇ ಇರಬೇಕೆಂದುಕೊಂಡ. ಮುಚ್ಚಿದ ಕಣ್ಣೊಳಗೆ ಗೇಟು ಬಿದ್ದಿತ್ತು, ನೀಲಿ ತುಟಿಯೊಂದು ಗಾಳಿಗಾಗಿ ತೆರೆಯುತ್ತಿತ್ತು. ಅವನ ಮೊಣಕಾಲು ಅವನನ್ನು ಕೇಳಲಿಲ್ಲ, ಮಡಿಸಿಕೊಂಡಿತು.

ಕ್ವಿಂಟಾಲ್ ಹೊರುವ ದೇಹ ಇಳಿಯುವಾಗ ಫಿಟ್ಟರನ ಹಿಡಿತ ಎಷ್ಟರದು? ಬಾವಿಗೆ ಬಿದ್ದ ಬಿಂದಿಗೆಯ ಹಿಂದೆ ಹಗ್ಗ ಹೋದಂತೆ ಆನಂದಪ್ಪನೂ ಸರ್ರನೆ ಇಳಿದು ಮೊಣಕಾಲೂರಿದ.

ಹಿಂದೆ ನಿಂತಿದ್ದ ಚೌರಪ್ಪ ಪರಊರಿನವನು. ಪರಊರಿನ ಚರ್ಚಿನಲ್ಲಿ ಮುಂದಿನ ಸಾಲು ಮಾಡಿದ್ದನ್ನು ಮಾಡುವುದು ಮರ್ಯಾದೆ. ಹೆಣ್ಣಿನ ತಂದೆ ಇಳಿದ, ಊರ ಹಿರಿಯನೂ ಇಳಿದ. ಇಲ್ಲಿಯ ಪದ್ಧತಿ ಇದೇ ಎಂದುಕೊಂಡು ಅವನೂ ಇಳಿದ. ಹಿಂದೆಯೇ ಅವನ ಇಪ್ಪತ್ತು ಜನ. ಬೀಗರು ನೆಲದ ಮೇಲಿರುವಾಗ ತಾವು ಹೇಗೆ ನಿಲ್ಲುವುದೆಂದು ಶೆಟ್ಟಿಹಳ್ಳಿಯೂ ಇಳಿಯಿತು, ಸಾಲುಸಾಲಾಗಿ, ಗಾಳಿಗೆ ರಾಗಿ ಹೊಲ ಬಾಗಿದ ಹಾಗೆ. ಕೊನೆಗೆ ಜ್ಞಾನಮ್ಮನೂ.

ಆಮೇಲೆ ಬಂದ ಮೌನವಿದೆಯಲ್ಲ, ಅದರಲ್ಲಿ ಉತ್ಪ್ರೇಕ್ಷೆ ಬೇಕಿಲ್ಲ. ಮಕ್ಕಳು ಅಳಲಿಲ್ಲ. ಯಾರೂ ಕೆಮ್ಮಲಿಲ್ಲ. ಸ್ವಾಮಿಗಳೊಬ್ಬರೇ ನಿಂತಿದ್ದರು, ಎತ್ತಿದ ಕೈ ಇಳಿಸಲು ಮರೆತಿದ್ದರು. ತನಗಾಗಿರುವ ಅವಮಾನ ಎಷ್ಟು ದೊಡ್ಡದೆಂದು ನೋಡಲು ಇನ್ನಾಸಪ್ಪ ಹೆದರುತ್ತ ಹಿಂದಕ್ಕೆ ತಿರುಗಿದ. ಇನ್ನೂರು ತಲೆಗಳು, ಎಲ್ಲವೂ ತನ್ನ ಎತ್ತರದಲ್ಲೇ.

ಎಲ್ಲರೂ ಎದ್ದರು, ಇನ್ನಾಸಪ್ಪನಿಗೆ ಏಳಲಾಗಲಿಲ್ಲ. ಆರೋಗ್ಯಮ್ಮ ಹೆಂಗಸರ ಕಡೆಯಿಂದ ಗಂಡಸರ ಕಡೆಗೆ ದಾಟಿ ಬಂದು ಹೆಗಲು ಕೊಟ್ಟಳು. ಅಂದು ರೈಲ್ವೆ ಗೇಟಿನ ಬಳಿ ಒಂದು ಕೋಳಿಯಷ್ಟೂ ತೂಗದಿದ್ದ ಜೀವದ ಮೇಲೆ ಅವನು ತನ್ನ ಪೂರ್ತಿ ಭಾರ ಹಾಕಿ ಎದ್ದ. ಅವಳು ಅಲುಗಲಿಲ್ಲ.

ಹೊರಗೆ ಚೌರಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ. “ಏನ್ ಬೀಗ್ರೇ, ನಾವು ಇದನ್ನ ಬಿಟ್ಟು ನಾಕೊರ್ಷ ಆಯ್ತು. ನಿಮ್ಮೂರಲ್ಲಿ ಹೆಂಗ್ ಉಳಿಸ್ಕೊಂಡ್ರಿ? ಮೈ ಜುಮ್ ಅಂತು ಕಣ್ರೀ.”

ಆನಂದಪ್ಪ ಪ್ಯಾಂಟಿನ ಧೂಳು ಕೊಡವುತ್ತ, “ನಮ್ದು ಮೊದ್ಲಿಂದ್ಲೂ ಇದೇ ಪದ್ಧತಿ ಸಾರ್,” ಎಂದ.

ಬೀಗರು ಊಟಕ್ಕೆ ಕೂತಾಗ ಜ್ಞಾನಮ್ಮ ಗಂಡನನ್ನು ಒಲೆಯ ಹತ್ತಿರ ತಡೆದಳು. “ಈಗ್ಲಾದ್ರೂ ಹೇಳು. ಏನಿತ್ತು ನಿನ್ ಮನಸ್ಸಲ್ಲಿ?”

ಇನ್ನಾಸಪ್ಪ ಬಾಯಿ ತೆರೆದ. ಪಡಸಾಲೆಯಲ್ಲಿ ಆರೋಗ್ಯಮ್ಮ ಬೀಗರ ಲೋಟಗಳಿಗೆ ನೀರು ಬಗ್ಗಿಸುತ್ತ ಯಾವುದಕ್ಕೋ ಜೋರಾಗಿ ನಕ್ಕಳು, ಗಂಟಲು ತುಂಬಿ.

“ಮಂಡಿ ನೋಯ್ತದೆ ಕಣೇ,” ಎಂದ. “ಒಸಿ ಎಣ್ಣೆ ಬಿಸಿ ಮಾಡು.”